ಮೈಯೊಳಗಿನ ಬುತ್ತಿ

(ಬಾನುಲಿ ಭಾಷಣ)

ನವಲಗುಂದ ತಾಲೂಕಿನ ಮೊರಬ ದೊಡ್ಡ ಊರು. ಸುತ್ತಲೂ ಎರಿ ಹೊಲ. ಮಳೆಯಾದರೆ ಕಾಲಿಗೆ ಅಂಟುವ, ಆಗದಿದ್ದರೆ ಬಿರುಕು ಬಿಡುವ ಕರಿ ಮಣ್ಣು. ಆ ಊರಿನ ಒಬ್ಬ ತರುಣ ಒಂದು ಮುಂಜಾನೆ ನನ್ನ ದವಾಖಾನೆಗೆ ಬಂದ. ಐ.ಟಿ.ಐ. ಮುಗಿಸಿ ಟ್ರ್ಯಾಕ್ಟರು, ಪಂಪುಸೆಟ್ಟುಗಳ ದುರಸ್ತಿ ಮಾಡುತ್ತಿದ್ದ ಹುಡುಗ. ಎರಡು ವರ್ಷ ಹೆಸರು, ಕಡಲೆ ಎರಡೂ ಕೈಕೊಟ್ಟಿದ್ದವು. ಮನೆಯಲ್ಲಿ ಸಾಲವಿತ್ತು, ತಂಗಿಯ ಮದುವೆ ಮುಂದೆ ನಿಂತಿತ್ತು. ದಕ್ಷಿಣ ಸೂಡಾನಿನ ರಾಜಧಾನಿ ಜೂಬಾದಲ್ಲಿ ಜನರೇಟರ್ ಮೆಕ್ಯಾನಿಕ್ಕಿನ ಕೆಲಸವೊಂದು ಏಜೆಂಟನೊಬ್ಬನ ಮೂಲಕ ಗೊತ್ತಾಗಿತ್ತು. ಇನ್ನು ಆರು ದಿನಕ್ಕೆ ವಿಮಾನ. ಪ್ರಕೃತಿ ಸರಿಯಾಗಿದೆಯೆಂದು ಒಂದು ಚೀಟಿ ಬೇಕಾಗಿತ್ತು, ಅಷ್ಟೆ. ಜೊತೆಗೆ ಅವನ ಅಜ್ಜಿಯೂ ಬಂದಿದ್ದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಲ್ಲವೂ ಆಗಲೇ ಕಟ್ಟಿಟ್ಟಾಗಿದೆ ಎಂದು ಹೇಳಿದರು. ಪರಸ್ಥಳಕ್ಕೆ ಹೊರಟ ಮಗನಿಗೆ ಬುತ್ತಿ ಕಟ್ಟುವುದು ನಮ್ಮ ಕಡೆಯ ಪದ್ಧತಿ.

“ಹಳದಿ ಜ್ವರದ ಸೂಜಿ ಹಾಕಿಸ್ಕೊಂಡೀ ಏನ್ ತಮ್ಮಾ?” ಎಂದು ಕೇಳಿದೆ.

“ಇಲ್ರೀ ಸಾಹೇಬ್ರ. ಅಲ್ಲಿ ಹೋದಮ್ಯಾಲ ಹಾಕಿಸ್ಕೊಂಡ್ರ ಆತಲ್ರೀ” ಎಂದ.

ಅಜ್ಜಿ ನಡುವೆ ಬಾಯಿ ಹಾಕಿದರು: “ಕಾಮಣಿಗೆ ನಮ್ಮ ಕಡೆ ಗಿಡಮೂಲಿಕಿ ಕೊಡ್ತಾರಲ್ರೀ ಯಪ್ಪಾ. ಅದಕ್ಯಾಕ ಸೂಜಿ?”

ಇಂದಿನ ನನ್ನ ಮಾತೆಲ್ಲ ಈ ಎರಡು ಮಾತುಗಳಿಗೆ ಕೊಡುವ ಉತ್ತರ. ಅದರಲ್ಲಿಯೂ ಹುಡುಗನ ಮಾತಿಗೆ. ‘ಅಲ್ಲಿ ಹೋದ ಮೇಲೆ ನೋಡಿಕೊಂಡರಾಯಿತು’ ಎಂಬುದು ಮುಂಬಯಿಗೋ ದುಬೈಗೋ ಹೋಗುವವನಿಗೆ ನಡೆದೀತು. ಕಲಹ ನಡೆದಿರುವ, ಅಥವಾ ನಿನ್ನೆಯಷ್ಟೇ ತಣ್ಣಗಾಗಿ ನಾಳೆ ಮತ್ತೆ ಹೊತ್ತಿಕೊಳ್ಳಬಹುದಾದ ದೇಶಕ್ಕೆ ಹೋಗುವವನಿಗೆ ನಡೆಯದು. ಅಲ್ಲಿ ನೋಡಿಕೊಳ್ಳುವ ವ್ಯವಸ್ಥೆಯೇ ಇರುವುದಿಲ್ಲ.

ಇಂಥ ದೇಶಗಳು ನಮಗೆ ದೂರದವೆಂದು ಭಾವಿಸಬೇಡಿ. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ದಾಳಿಗೆ ಸಿಕ್ಕು ಮಡಿದ ವೈದ್ಯಕೀಯ ವಿದ್ಯಾರ್ಥಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಚಳಗೇರಿಯವನು. ಮರುವರ್ಷವೇ ಸೂಡಾನಿನಲ್ಲಿ ಕನ್ನಡ ನಾಡಿನ ಇನ್ನೊಂದು ಜನಸಮೂಹ ಸಿಕ್ಕಿಬಿದ್ದಿತು. ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿ ಜನ ಅವರು. ಒಂದು ಕಾಲಕ್ಕೆ ಹಕ್ಕಿ ಹಿಡಿದು ಜೀವಿಸುತ್ತಿದ್ದ ಈ ಅಲೆಮಾರಿಗಳು ಬೇಟೆ ನಿಷಿದ್ಧವಾದ ಮೇಲೆ ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಇವುಗಳ ವ್ಯಾಪಾರಕ್ಕಿಳಿದು, ಆಫ್ರಿಕದ ದೇಶಗಳವರೆಗೂ ಹೋಗಿ ಬರತೊಡಗಿದರು. 2023ರ ಏಪ್ರಿಲ್ 15ರಂದು ಖಾರ್ಟೂಮಿನಲ್ಲಿ ಎರಡು ಸಶಸ್ತ್ರ ಪಡೆಗಳ ನಡುವೆ ಕಾಳಗ ಮೊದಲಾದಾಗ ಅವರಲ್ಲಿ ಅನೇಕರು ಆ ದೇಶದಲ್ಲಿದ್ದರು.

ಭಾರತ ಸರಕಾರ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ತನ್ನ ಪ್ರಜೆಗಳನ್ನು ಹೊರತಂದಿತು. ಖಾರ್ಟೂಮಿನಿಂದ ಬಸ್ಸಿನಲ್ಲಿ ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರದ ಪೋರ್ಟ್ ಸೂಡಾನ್, ಅಲ್ಲಿಂದ ನೌಕಾಪಡೆಯ ಹಡಗಿನಲ್ಲೋ ವಾಯುಪಡೆಯ ವಿಮಾನದಲ್ಲೋ ಜೆದ್ದಾ, ಅಲ್ಲಿಂದ ತಾಯ್ನಾಡು. ಮೇ 5ರ ಹೊತ್ತಿಗೆ ಹೀಗೆ 3,862 ಜನ ಪಾರಾಗಿ ಬಂದಿದ್ದರು. ಏಪ್ರಿಲ್ 28ರಂದು 362 ಜನರನ್ನು ಹೊತ್ತ ವಿಮಾನವೊಂದು ಬೆಂಗಳೂರಿಗೆ ಬಂದಿತು. ಅದರಲ್ಲಿ ಹಕ್ಕಿಪಿಕ್ಕಿ ಜನ ಬಹಳ ಮಂದಿ.

ಗುಂಡಿನಿಂದ, ಹಸಿವಿನಿಂದ, ನೀರಡಿಕೆಯಿಂದ ಪಾರಾಗಿ ಬಂದವರು ನೆಟ್ಟಗೆ ಮನೆಗೆ ಹೋದರೆಂದುಕೊಂಡಿರಾ? ಎಲ್ಲರೂ ಹೋಗಲಿಲ್ಲ. ದಿಲ್ಲಿ, ಮುಂಬಯಿ, ಬೆಂಗಳೂರುಗಳಲ್ಲಿ ಇಳಿದವರ ಪೈಕಿ ನೂರಕ್ಕೂ ಹೆಚ್ಚು ಜನರನ್ನು ವಿಮಾನ ನಿಲ್ದಾಣದಿಂದಲೇ ಪ್ರತ್ಯೇಕವಾಸಕ್ಕೆ ಒಯ್ದರು. ಅವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಲಿಲ್ಲ. ಮನೆಯವರು ಕಾಯುತ್ತಿದ್ದರು, ಕಾನೂನು ತಡೆಯಿತು. ಪತ್ರಿಕೆಯಲ್ಲಿ ಓದಿದ ಹಲವರಿಗೆ ಅದು ನಿಷ್ಕರುಣೆಯೆನಿಸಿತು. ಆದರೆ ಆ ಕಾನೂನಿನ ಹಿಂದೆ ಬಲವಾದ ಕಾರಣವಿದೆ.

ಮೊದಲು ಅಜ್ಜಿಯ ಪ್ರಶ್ನೆಗೆ ಬರೋಣ. ಹಳದಿ ಜ್ವರ ಬೇರೆ, ಕಾಮಣಿ ಬೇರೆ. ಕಾಮಣಿಯೆಂದರೆ ಪಿತ್ತದ ಬಣ್ಣ ರಕ್ತದಲ್ಲಿ ಹೆಚ್ಚಿ ಕಣ್ಣು, ಮೈ ಹಳದಿಯಾಗುವ ಒಂದು ಲಕ್ಷಣ. ಅದಕ್ಕೆ ಕಾರಣಗಳು ಹತ್ತಾರು. ಹಳದಿ ಜ್ವರವೆಂದರೆ ಒಂದು ನಿರ್ದಿಷ್ಟ ವೈರಾಣು ತರುವ ರೋಗ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಉಷ್ಣಪ್ರದೇಶಗಳಲ್ಲಿ ಅದರ ನೆಲೆ, ಹರಡುವುದು ಸೊಳ್ಳೆಯಿಂದ. ಬಹಳ ಜನರಿಗೆ ಜ್ವರ, ಮೈಕೈನೋವು ಬಂದು ಹೋಗುತ್ತದೆ. ಕೆಲವರಲ್ಲಿ ಒಂದು ದಿನ ಬಿಟ್ಟಂತೆ ಮಾಡಿ ಮತ್ತೆ ಮರುಕಳಿಸಿ, ಯಕೃತ್ತು, ಮೂತ್ರಪಿಂಡಗಳನ್ನು ಹಿಡಿದು, ಬಾಯಿ ಮೂಗುಗಳಿಂದ ರಕ್ತ ಸುರಿಸುತ್ತದೆ. ಆ ಹಂತ ಮುಟ್ಟಿದವರಲ್ಲಿ ಅರ್ಧದಷ್ಟು ಜನ ಉಳಿಯುವುದಿಲ್ಲ. ರೋಗ ಬಂದ ಮೇಲೆ ಅದನ್ನು ಗುಣಪಡಿಸುವ ಮದ್ದು ಯಾವುದೂ ಇಲ್ಲ.

ಭಾರತದಲ್ಲಿ ಈ ರೋಗವಿಲ್ಲ. ಆದರೆ ಇದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಹರವಿ, ಟಾಕಿ, ಒಡೆದ ಟಾಯರುಗಳಲ್ಲಿ ಧಾರಾಳವಾಗಿ ಮರಿ ಮಾಡುತ್ತಿದೆ. ಡೆಂಗೂ, ಚಿಕುನ್‌ಗುನ್ಯಾಗಳನ್ನು ನಮಗೆ ತಂದುಕೊಡುವುದೂ ಅದೇ. ಒಣಹುಲ್ಲಿನ ಬಣವೆ ಇದೆ, ಕಿಡಿ ಮಾತ್ರ ಇಲ್ಲ. ಆ ಕಿಡಿ ಒಬ್ಬ ಪ್ರಯಾಣಿಕನ ರಕ್ತದಲ್ಲಿ ಬರಬಹುದು. ಅದಕ್ಕೇ ರೋಗವಿರುವ ದೇಶದಿಂದ ಹೊರಟ ಆರು ದಿನಗಳೊಳಗೆ ಪ್ರಮಾಣಪತ್ರವಿಲ್ಲದೆ ಇಲ್ಲಿಗೆ ಬಂದವರನ್ನು, ಸೋಂಕು ತಗಲಿದ್ದರೆ ಹೊರಬೀಳುವ ಕಾಲ ಮುಗಿಯುವವರೆಗೆ, ಗರಿಷ್ಠ ಆರು ದಿನ ಪ್ರತ್ಯೇಕವಾಗಿಡುವ ನಿಯಮ ನಮ್ಮಲ್ಲಿದೆ. ಬೆಂಗಳೂರಿನಲ್ಲಿ ತಡೆಹಿಡಿಯಲ್ಪಟ್ಟವರ ಅಪರಾಧ ಏನೂ ಇರಲಿಲ್ಲ. ಹೊರಡುವಾಗ ಅವರಿಗೆ ತಿಳಿಹೇಳುವವರು ಇರಲಿಲ್ಲ. ಹಿಂತಿರುಗಿದಾಗ ಕೇಳುವವರು ಇದ್ದರು.

ಈ ಜ್ವರದ ಲಸಿಕೆ ಹೊಸದಲ್ಲ. ಮ್ಯಾಕ್ಸ್ ಥೈಲರ್ ಎಂಬ ವಿಜ್ಞಾನಿ ಅದನ್ನು 1937ರಲ್ಲಿ ಸಿದ್ಧಪಡಿಸಿದ. 1951ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಜೀವಂತವಾಗಿದ್ದರೂ ಹಲ್ಲು ಕಿತ್ತ ಹಾವಿನಂತೆ ದುರ್ಬಲಗೊಳಿಸಿದ ವೈರಾಣು ಅದು. ದೇಹ ಅದರೊಡನೆ ಸೆಣಸುವುದನ್ನು ಕಲಿತು ಆ ಪಾಠವನ್ನು ನೆನಪಿಟ್ಟುಕೊಳ್ಳುತ್ತದೆ. ಒಂದೇ ಚುಚ್ಚುಮದ್ದು ಸಾಕು. ಹಿಂದೆ ಪ್ರಮಾಣಪತ್ರಕ್ಕೆ ಹತ್ತು ವರ್ಷಗಳ ಅವಧಿಯಿತ್ತು. 2016ರ ಜುಲೈ 11ರಿಂದ ಅದು ಆಜೀವ ಮಾನ್ಯ. ಆದರೆ ಕಲಿಯಲು ದೇಹಕ್ಕೆ ಕಾಲ ಬೇಕು. ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆಯೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಮೊರಬದ ಹುಡುಗನ ಕೈಯಲ್ಲಿ ಇದ್ದದ್ದು ಆರು ದಿನ.

ಇದನ್ನು ಯಾವ ದವಾಖಾನೆಯಲ್ಲಾದರೂ ಹಾಕಿಸಿಕೊಳ್ಳಲು ಬರುವುದಿಲ್ಲ. ಕೇಂದ್ರ ಸರಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ, ಪಾಸ್‌ಪೋರ್ಟು ತೋರಿಸಿ, ಹೆಸರು ಹಚ್ಚಿಸಿ, ಗೊತ್ತಾದ ದಿನ ಹಾಕಿಸಿಕೊಳ್ಳಬೇಕು. ಎಲ್ಲರಿಗೂ ಅದು ಸಲ್ಲುವುದೂ ಇಲ್ಲ. ಎಳೆಗೂಸುಗಳಿಗೆ, ತತ್ತಿಯ ಅಲರ್ಜಿ ತೀವ್ರವಾಗಿರುವವರಿಗೆ, ಬೇರೆ ರೋಗದಿಂದಲೋ ಮದ್ದಿನಿಂದಲೋ ನಿರೋಧಶಕ್ತಿ ಕುಗ್ಗಿದವರಿಗೆ ಕೊಡಲಾಗದು. ಗರ್ಭಿಣಿಯರ ಮತ್ತು ಅರವತ್ತು ದಾಟಿದವರ ವಿಷಯದಲ್ಲಿ ವೈದ್ಯರು ಲಾಭಹಾನಿ ತೂಗಿ ನೋಡಬೇಕಾಗುತ್ತದೆ.

ಇನ್ನು ಹುಡುಗನ ಮಾತು. ಅಲ್ಲಿ ಹೋದ ಮೇಲೆ ಏಕಾಗದು?

ಕಾಳಗವೆಂದರೆ ನಾವು ಬಂದೂಕು, ಬಾಂಬುಗಳನ್ನು ನೆನೆಯುತ್ತೇವೆ. ಆದರೆ ಅದು ಮನೆಮಾತಿನ ಸಣ್ಣ ಸಂಗತಿಗಳನ್ನು ಬಹು ಬೇಗ ಕೆಡಿಸುತ್ತದೆ. ವಿದ್ಯುತ್ತು ಹೋಗುತ್ತದೆ, ನೀರೆತ್ತುವ ಪಂಪು ನಿಲ್ಲುತ್ತದೆ. ಹೆಚ್ಚಿನ ಲಸಿಕೆಗಳನ್ನು ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ಸಿನ ತಂಪಿನಲ್ಲಿಡಬೇಕು. ಶೀತಪೆಟ್ಟಿಗೆ ನಿಂತರೆ ಅವು ಕೆಲವೇ ದಿನಗಳಲ್ಲಿ ನಿರುಪಯೋಗಿ. ಔಷಧ ತರುವ ಲಾರಿ ದಾರಿಯಲ್ಲಿ ನಿಲ್ಲುತ್ತದೆ. ವೈದ್ಯರು, ನರ್ಸುಗಳು ತಾವೇ ನಿರಾಶ್ರಿತರಾಗುತ್ತಾರೆ. ಜನ ಗುಂಪು ಗುಂಪಾಗಿ ಶಾಲೆಗಳಲ್ಲಿ, ಡೇರೆಗಳಲ್ಲಿ ತಂಗುತ್ತಾರೆ. ಒಬ್ಬರ ರೋಗ ಹತ್ತು ಜನರದಾಗುತ್ತದೆ. 2023ರ ಏಪ್ರಿಲ್‌ನಲ್ಲಿ ಖಾರ್ಟೂಮಿನ ರಾಷ್ಟ್ರೀಯ ಆರೋಗ್ಯ ಪ್ರಯೋಗಾಲಯವೇ ಕಾದಾಡುವವರ ಕೈವಶವಾಯಿತು. ಕಾಲರಾ, ದಡಾರ, ಪೋಲಿಯೋ ರೋಗಾಣುಗಳ ಮಾದರಿಗಳು ಅಲ್ಲಿದ್ದವು. ತಂತ್ರಜ್ಞರಿಗೆ ಒಳಗೆ ಕಾಲಿಡಲಾಗದೆ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಕಳವಳ ವ್ಯಕ್ತಪಡಿಸಿತು.

ಇತಿಹಾಸವೂ ಇದನ್ನೇ ಹೇಳುತ್ತದೆ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಅರ್ ಯುದ್ಧದಲ್ಲಿ ಮಡಿದ ಬ್ರಿಟಿಷ್ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತದ್ದು ರೋಗದಿಂದ, ಮುಖ್ಯವಾಗಿ ವಿಷಮಶೀತ ಜ್ವರದಿಂದ. ಆ ರೋಗಕ್ಕೆ ಆಲ್ಮ್ರಾತ್ ರೈಟ್ ಕಂಡುಹಿಡಿದ ಲಸಿಕೆ ಅಷ್ಟರಲ್ಲೇ ಸಿದ್ಧವಿತ್ತು. ಇಷ್ಟವಿದ್ದವರು ಹಾಕಿಸಿಕೊಳ್ಳಬಹುದೆಂದು ಬಿಟ್ಟಿದ್ದರು, ಹಾಕಿಸಿಕೊಂಡವರು ಕೆಲವರೇ. ಹತ್ತಿರದ ಉದಾಹರಣೆ ಬೇಕೆಂದರೆ ಯೆಮೆನ್. ಅಲ್ಲಿ ಅಂತರ್ಯುದ್ಧದ ನಡುವೆ 2016ರ ಅಕ್ಟೋಬರಿನಲ್ಲಿ ಕಾಲರಾ ಕಾಣಿಸಿಕೊಂಡಿತು; 2017 ಮುಗಿಯುವ ಹೊತ್ತಿಗೆ ಶಂಕಿತ ರೋಗಿಗಳ ಲೆಕ್ಕ ಹತ್ತು ಲಕ್ಷ ಮುಟ್ಟಿತ್ತು. ಗಾಜಾದಲ್ಲಿ ಇಪ್ಪತ್ತೈದು ವರ್ಷಗಳಿಂದ ಕಾಣದಿದ್ದ ಪೋಲಿಯೋ 2024ರ ಆಗಸ್ಟಿನಲ್ಲಿ ಒಂದು ಹಸುಗೂಸಿನ ಕಾಲನ್ನು ಸೆಳೆದುಕೊಂಡಿತು. ಮೊರಬದ ಹುಡುಗ ಹೊರಟಿದ್ದ ದಕ್ಷಿಣ ಸೂಡಾನಿನಲ್ಲಿಯೂ 2023ರ ಡಿಸೆಂಬರಿನಲ್ಲಿ ಹಳದಿ ಜ್ವರ, 2024ರ ಅಕ್ಟೋಬರಿನಲ್ಲಿ ಕಾಲರಾ ಹಬ್ಬಿರುವುದಾಗಿ ಸರಕಾರವೇ ಘೋಷಿಸಿತು. 2016ರ ಜುಲೈ ತಿಂಗಳಲ್ಲಿ ಜೂಬಾದ ಬೀದಿಗಳಲ್ಲಿ ಕಾಳಗ ನಡೆದಾಗ, ಅಲ್ಲಿದ್ದ ಭಾರತೀಯರನ್ನು ನಮ್ಮ ವಾಯುಪಡೆ ವಿಮಾನ ಕಳಿಸಿ ಕರೆತರಬೇಕಾಯಿತು.

ಹೀಗಾಗಿ ರಕ್ಷಣೆಯನ್ನು ಇಲ್ಲಿಂದಲೇ ಮೈಯೊಳಗೆ ಕಟ್ಟಿಕೊಂಡು ಹೋಗಬೇಕು. ರೊಟ್ಟಿಯ ಬುತ್ತಿ ಹದಿನೈದು ದಿನಕ್ಕೆ ಮುಗಿಯುತ್ತದೆ. ಈ ಬುತ್ತಿ ವರ್ಷಗಟ್ಟಲೆ ಬರುತ್ತದೆ. ಅದರಲ್ಲಿ ಏನೇನಿರಬೇಕು?

ಮೊದಲನೆಯದು ಧನುರ್ವಾಯುವಿನ ಮದ್ದು. ಯಂತ್ರದ ಕೆಲಸ, ಒಡೆದ ಗೋಡೆ, ತುಕ್ಕು ಹಿಡಿದ ತಗಡು, ಗಾಯವಾಗುವುದು ಖಂಡಿತ. ಚಿಕ್ಕಂದಿನಲ್ಲಿ ಎಲ್ಲ ಸೂಜಿಗಳೂ ಆಗಿದ್ದರೆ ಹತ್ತು ವರ್ಷಕ್ಕೊಮ್ಮೆ ಒಂದು ಸಾಕು. ಎರಡನೆಯದು ವಿಷಮಶೀತ ಜ್ವರದ್ದು; ಹೊರಡುವ ಎರಡು ವಾರ ಮೊದಲು. ಮೂರನೆಯದು ರಕ್ತದ ಮೂಲಕ ಹರಡುವ ಹೆಪಟೈಟಿಸ್ ‘ಬಿ’ ಕಾಮಣಿಯದು. ಅಪಘಾತವಾಗಿ ರಕ್ತ ಕೊಡಿಸಬೇಕಾದರೆ, ಅಲ್ಲಿಯ ರಕ್ತ ಪರೀಕ್ಷೆಗೆ ಒಳಪಟ್ಟಿದೆಯೆಂದು ಯಾರು ಹೇಳಬಲ್ಲರು? ಇದಕ್ಕೆ ಮೂರು ಚುಚ್ಚುಮದ್ದು, ಸಾಮಾನ್ಯವಾಗಿ ಆರು ತಿಂಗಳಲ್ಲಿ. ಅವಸರವಿದ್ದರೆ ಬೇಗ ಮುಗಿಸುವ ಕ್ರಮವೂ ಉಂಟು. ನೀರಿನಿಂದ ಬರುವ ‘ಎ’ ಕಾಮಣಿ ನಮ್ಮ ಹಳ್ಳಿಗಳಲ್ಲಿ ಬೆಳೆದ ಬಹುಮಂದಿಗೆ ಬಾಲ್ಯದಲ್ಲೇ ತಿಳಿಯದಂತೆ ಬಂದು ಹೋಗಿರುತ್ತದೆ. ಪೇಟೆಯಲ್ಲಿ ಶುದ್ಧ ನೀರು ಕುಡಿದು ಬೆಳೆದ ಮಕ್ಕಳಿಗೇ ಅದರ ಲಸಿಕೆ ಹೆಚ್ಚು ಅಗತ್ಯ. ದಡಾರದ ಲಸಿಕೆ ಎರಡು ಸಲ ಆಗಿದೆಯೇ ಎಂಬುದನ್ನೂ ವಿಚಾರಿಸಬೇಕು. ಕಿಕ್ಕಿರಿದ ಡೇರೆಗಳಲ್ಲಿ ಅದರಷ್ಟು ವೇಗವಾಗಿ ಹಬ್ಬುವ ರೋಗ ಇನ್ನೊಂದಿಲ್ಲ.

ಸೆನೆಗಾಲಿನಿಂದ ಇಥಿಯೋಪಿಯದವರೆಗೆ ಆಫ್ರಿಕದ ನಡುವಿಗೆ ನಡುಪಟ್ಟಿ ಕಟ್ಟಿದಂತೆ ಒಂದು ಸೀಮೆಯಿದೆ. ಒಣಗಾಳಿಯ ದಿನಗಳಲ್ಲಿ ಅಲ್ಲಿ ಮಿದುಳುಪೊರೆಯ ಜ್ವರ ಹಬ್ಬುತ್ತದೆ. ಸೂಡಾನ್, ದಕ್ಷಿಣ ಸೂಡಾನ್ ಎರಡೂ ಆ ಪಟ್ಟಿಯಲ್ಲಿವೆ. ಹಜ್ ಯಾತ್ರೆಗೆ ಹೋಗುವ ನಮ್ಮ ಊರಿನವರು ಈ ಚುಚ್ಚುಮದ್ದನ್ನು ಹಾಕಿಸಿಕೊಂಡೇ ಹೋಗುತ್ತಾರೆ. ಅವರನ್ನು ಕೇಳಿದರೆ ಹೇಳುತ್ತಾರೆ. ಇದಕ್ಕೂ ಹತ್ತು ದಿನ ಮೊದಲೆಂಬ ಲೆಕ್ಕ. ನಮ್ಮ ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯದು. ಆದರೆ ಆ ರೋಗ ಉಳಿದಿರುವ ಅಥವಾ ಮರಳಿರುವ ದೇಶಗಳಿಗೆ ಹೋಗುವಾಗ, ವಯಸ್ಸು ಎಷ್ಟೇ ಇರಲಿ, ನಾಲ್ಕು ವಾರ ಮೊದಲು ಮತ್ತೊಮ್ಮೆ ಹನಿ ಹಾಕಿಸಿಕೊಳ್ಳಬೇಕಾಗುತ್ತದೆ. ಯಾವ ದೇಶವೆಂಬ ಪಟ್ಟಿ ಬದಲಾಗುತ್ತಿರುತ್ತದೆ. ಹೊರಡುವ ಮುಂಚೆ ಕೇಳಿಕೊಳ್ಳುವುದೇ ಸರಿ. ಕಾಲರಾಕ್ಕೆ ಬಾಯಿಯಿಂದ ಕುಡಿಯುವ ಲಸಿಕೆ ಇದೆ. ಎರಡು ಸಲ, ನಡುವೆ ಎರಡು ವಾರದ ಅಂತರ. ಹುಚ್ಚುನಾಯಿ ಕಡಿತಕ್ಕೂ ಮುಂಗಡವಾಗಿ ಒಂದು ವಾರದ ಅಂತರದಲ್ಲಿ ಎರಡು ಸೂಜಿ ಹಾಕಿಸಿಕೊಳ್ಳಬಹುದು. ಕಚ್ಚಿದ ಮೇಲೆ ಗಾಯವನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು ಮತ್ತೆ ಲಸಿಕೆ ತೆಗೆದುಕೊಳ್ಳಬೇಕಾದದ್ದು ನಿಜ. ಆದರೆ ಗಾಯಕ್ಕೆ ಚುಚ್ಚುವ ದುರ್ಲಭವಾದ ಸೀರಮ್ಮಿನ ಅಗತ್ಯ ಆಗ ಬೀಳುವುದಿಲ್ಲ. ಕಲಹದ ನಾಡಿನಲ್ಲಿ ಆ ಸೀರಮ್ ಸಿಕ್ಕೀತೆಂದು ನಂಬಿಕೊಳ್ಳಲಾಗದು.

ಇಷ್ಟನ್ನು ಕೇಳಿ ನೀವು ಗಾಬರಿಯಾಗಬೇಕಿಲ್ಲ. ಎಲ್ಲರಿಗೂ ಎಲ್ಲವೂ ಬೇಕಾಗುವುದಿಲ್ಲ. ಹೋಗುವ ದೇಶ, ಮಾಡುವ ಕೆಲಸ, ಇರುವ ಅವಧಿ, ಅವರವರ ಪ್ರಕೃತಿ ಇವನ್ನು ನೋಡಿ ವೈದ್ಯರು ಆರಿಸುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ: ಹತ್ತು ದಿನ, ಎರಡು ವಾರ, ನಾಲ್ಕು ವಾರ. ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕೆಂಬುದು ಇದಕ್ಕಾಗಿ. ಟಿಕೇಟು ತೆಗೆಸಿದ ಮೇಲೆ ಬರುವವರಿಗೆ ನಾವು ಮಾಡಬಹುದಾದದ್ದು ಬಹಳ ಕಡಿಮೆ.

ಸೂಜಿಯೆಂದರೆ ಹೆದರುವ ಹಿರಿಯರಿಗೆ ಒಂದು ಹಳೆಯ ಮಾತು ನೆನಪಿಸಬೇಕು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿ, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಆ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಹಾಕಿಸಿಕೊಂಡರು. ಜಗತ್ತಿನಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಆ ಪ್ರಯೋಗ ನಡೆದ ಮೊದಮೊದಲ ಊರುಗಳಲ್ಲಿ ಹುಬ್ಬಳ್ಳಿ ಒಂದು. ಸೂಜಿ ನಮ್ಮ ಸೀಮೆಗೆ ಪರಕೀಯವಲ್ಲ. ನಮ್ಮ ಮುತ್ತಜ್ಜರು ತೋಳು ಕೊಟ್ಟು ಬದುಕಿದರು. ಆದ್ದರಿಂದ ನಾವು ಇಲ್ಲಿದ್ದೇವೆ.

ಮಲೇರಿಯಾ ವಿಷಯ ಬೇರೆ. ಅದಕ್ಕೆ ಈಚೆಗೆ ಲಸಿಕೆ ಬಂದಿದೆ; ಆದರೆ ಅದು ಆಫ್ರಿಕದ ಮಕ್ಕಳಿಗಾಗಿ, ಪ್ರವಾಸಿಗರಿಗಲ್ಲ. ಅಲ್ಲಿಯ ಮಲೇರಿಯಾ ಬಹುತೇಕ ಫಾಲ್ಸಿಪ್ಯಾರಮ್ ಎಂಬ ಜಾತಿಯದು. ಎರಡು ಮೂರು ದಿನಗಳ ಅಲಕ್ಷ್ಯದಲ್ಲೇ ಮಿದುಳಿಗೆ ಏರಿ ಪ್ರಾಣ ತೆಗೆಯಬಲ್ಲದು. ಹಳೆಯ ಕ್ಲೋರೋಕ್ವಿನ್ ಗುಳಿಗೆ ಅದಕ್ಕೆ ನಾಟುವುದಿಲ್ಲ. ತಡೆಗಾಗಿ ವೈದ್ಯರು ಬರೆದುಕೊಡುವ ಡಾಕ್ಸಿಸೈಕ್ಲಿನ್, ಮೆಫ್ಲೋಕ್ವಿನ್, ಅಟೋವಾಕ್ವೋನ್-ಪ್ರೊಗ್ವಾನಿಲ್ ಮೊದಲಾದವುಗಳಲ್ಲಿ ಒಂದನ್ನು ಹೊರಡುವ ಮೊದಲೇ ಆರಂಭಿಸಿ, ಅಲ್ಲಿರುವಷ್ಟು ಕಾಲ ತೆಗೆದುಕೊಂಡು, ಹಿಂತಿರುಗಿದ ಮೇಲೂ ಹೇಳಿದಷ್ಟು ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ನಾದರೆ ಬಂದ ಮೇಲೂ ನಾಲ್ಕು ವಾರ. ಬಹಳ ಜನ ತಪ್ಪುವುದು ಇಲ್ಲಿಯೇ: ಊರು ಮುಟ್ಟಿದೆವೆಂದು ಗುಳಿಗೆ ಬಿಸಾಕುತ್ತಾರೆ. ಗುಳಿಗೆಯ ಜೊತೆಗೆ ಔಷಧ ಲೇಪಿಸಿದ ಸೊಳ್ಳೆಪರದೆ ಬೇಕು. ಮಲೇರಿಯಾದ ಸೊಳ್ಳೆ ರಾತ್ರಿ ಕಚ್ಚುತ್ತದೆ, ಹಳದಿ ಜ್ವರದ್ದು ಹಗಲು. ಅದಕ್ಕೇ ಹಗಲೂ ತುಂಬುದೋಳಿನ ಅಂಗಿಯಿರಲಿ.

ಮುಂದಿನದು ನೀರು. ನವಲಗುಂದದ ಸುತ್ತಿನ ಎರಿ ಸೀಮೆಯಲ್ಲಿ ನೆಲದಡಿಯ ನೀರು ಸವಳು. ಕೆರೆಯ ನೀರೇ ಕುಡಿಯಲು. ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬುತ್ತಿದ್ದ ಹೆಂಗಸರಿಗೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಒಂದು ಕಾಲಕ್ಕೆ ಉತ್ತರ ಕರ್ನಾಟಕದಲ್ಲಿ ನಾರುಹುಣ್ಣು ಎಷ್ಟೋ ಜನರ ಕಾಲು ಕೆಡಿಸಿತ್ತು. ನೀರು ಸೋಸಿ, ಮೆಟ್ಟಿಲು ಬಾವಿಗಳನ್ನು ಮಾರ್ಪಡಿಸಿ, ಆ ರೋಗವನ್ನು ಈ ದೇಶ ಹೊರಗಟ್ಟಿತು. ಕೊನೆಯ ಪ್ರಕರಣ 1996ರದು. ಅದಕ್ಕೆ ಲಸಿಕೆಯೂ ಇರಲಿಲ್ಲ, ಮದ್ದೂ ಇರಲಿಲ್ಲ; ಬರೀ ಬಟ್ಟೆ ಮತ್ತು ಎಚ್ಚರಿಕೆ. ಅದೇ ನಾರುಹುಣ್ಣನ್ನು ಎದುರಿಸಲೆಂದು 1995ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸೂಡಾನಿನ ಎರಡೂ ಪಕ್ಷಗಳನ್ನು ಒಪ್ಪಿಸಿ, ಆರು ತಿಂಗಳಿಗೆ ಸಮೀಪವಾಗಿ ಬಂದೂಕು ನಿಲ್ಲಿಸಿದರು. ಸೋಸುವ ಬಟ್ಟೆಯನ್ನು ಹಳ್ಳಿಗಳಿಗೆ ಮುಟ್ಟಿಸಲು ಕದನವಿರಾಮ ಬೇಕಾಯಿತು.

ಆದರೆ ಕಾಲರಾ ಮೊದಲಾದ ರೋಗಗಳಿಗೆ ಸೋಸಿದರೆ ಸಾಲದು. ನೀರು ಕುದಿಸಬೇಕು, ಇಲ್ಲವೆ ಕ್ಲೋರಿನ್ ಗುಳಿಗೆ ಹಾಕಿ ಅರ್ಧ ತಾಸು ಬಿಡಬೇಕು. ಬರ್ಫ ಬೇಡ, ಹಸಿ ತಿನಿಸು ಬೇಡ. ಭೇದಿ ಹಿಡಿದರೆ ಕೈಯಲ್ಲಿ ಒ.ಆರ್.ಎಸ್. ಪೊಟ್ಟಣಗಳಿರಬೇಕು. ಈ ಪುಡಿಯ ಸಾಮರ್ಥ್ಯವನ್ನು ಜಗತ್ತಿಗೆ ತೋರಿಸಿಕೊಟ್ಟದ್ದೂ ಒಂದು ಯುದ್ಧವೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದಾಗ ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಯಿತು. ಕಲಕತ್ತೆಯ ಡಾ. ದಿಲೀಪ್ ಮಹಲಾನಬೀಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರರಲ್ಲಿ ಮೂವತ್ತರ ಸನಿಹದಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮ ಅಳತೆಯ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದನ್ನು ಬಾಯಿಪಾಠ ಮಾಡಿಕೊಂಡೇ ಹೋಗಬೇಕು.

ಪೆಟ್ಟಿಗೆಯ ವಿಷಯ ಎರಡು ಮಾತು. ಸಕ್ಕರೆ ರೋಗ, ರಕ್ತದೊತ್ತಡ, ಅಪಸ್ಮಾರ, ಉಬ್ಬಸಗಳಿಗೆ ದಿನನಿತ್ಯ ಮದ್ದು ಸೇವಿಸುವವರು ಇರಬೇಕೆಂದ ಅವಧಿಗಿಂತ ಹೆಚ್ಚಿನ ದಿನಗಳಿಗಾಗುವಷ್ಟು ಒಯ್ಯಬೇಕು. ಮರಳುವ ದಾರಿ ಮುಚ್ಚಿಹೋಗಬಹುದು. ಅದನ್ನು ಕೈಚೀಲದಲ್ಲಿಡಬೇಕು, ಓಡುವ ಹೊತ್ತಿಗೆ ಟ್ರಂಕು ಜೊತೆಗೆ ಬರುವುದಿಲ್ಲ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಔಷಧದ ಮೂಲ ಹೆಸರು ಇರಲಿ. ರಕ್ತದ ಗುಂಪು, ಅಲರ್ಜಿ, ಹಾಕಿಸಿಕೊಂಡ ಲಸಿಕೆಗಳು, ಮನೆಯವರ ದೂರವಾಣಿ ಒಂದು ಹಾಳೆಯಲ್ಲಿರಲಿ. ಅದರ ಪ್ರತಿಯೊಂದು ಮನೆಯಲ್ಲೂ ಉಳಿಯಲಿ. ನೋಯುವ ಹಲ್ಲಿದ್ದರೆ ಇಲ್ಲಿಯೇ ತೋರಿಸಿಕೊಂಡು ಹೋಗಲಿ. ಮುಟ್ಟಿದ ಕೂಡಲೆ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಲಿ. ಕರೆತರುವವರಿಗೆ ಇರುವವರ ಲೆಕ್ಕ ಬೇಕು. ಹೋಗಲೇಬೇಡಿರೆಂದು ಸರಕಾರ ಎಚ್ಚರಿಸಿರುವ ದೇಶವಾದರೆ ಆ ಮಾತನ್ನು ಮೊದಲು ಕೇಳಬೇಕು. ಯಾವ ಲಸಿಕೆಯೂ ಗುಂಡಿಗೆ ಅಡ್ಡ ಬರುವುದಿಲ್ಲ.

ಬಂದ ಮೇಲಿನ ಎಚ್ಚರಿಕೆಯೂ ಮುಖ್ಯ. ಹಿಂತಿರುಗಿದ ಒಂದು ವರ್ಷದೊಳಗೆ ಯಾವ ಜ್ವರ ಬಂದರೂ, ನಾನು ಇಂಥ ದೇಶದಲ್ಲಿದ್ದೆ ಎಂದು ವೈದ್ಯರಿಗೆ ಹೇಳಬೇಕು. ನಮ್ಮ ಕಡೆ ಜ್ವರವೆಂದರೆ ಡೆಂಗೂ, ಟೈಫಾಯಿಡ್ ಎಂದೇ ನಮ್ಮ ಮನಸ್ಸು ಓಡುತ್ತದೆ. ರೋಗಿ ಬಾಯಿಬಿಡದಿದ್ದರೆ ಆಫ್ರಿಕದ ಮಲೇರಿಯಾ ನಮಗೆ ಹೊಳೆಯುವುದಾದರೂ ಹೇಗೆ?

ಮೊರಬದ ಹುಡುಗನ ಕಥೆ ಹೇಳಿ ಮುಗಿಸುತ್ತೇನೆ. ಆರು ದಿನದಲ್ಲಿ ಆಗದು, ಕನಿಷ್ಠ ನಾಲ್ಕು ವಾರ ಮುಂದೂಡು ಎಂದೆ. ಮರುದಿನ ಅವನು ಮುಖ ಸಣ್ಣದು ಮಾಡಿಕೊಂಡು ಬಂದ. ಏಜೆಂಟ ಹೇಳಿದ್ದನಂತೆ: ತಡಮಾಡಿದರೆ ಕೆಲಸ ಹೋಗುತ್ತದೆ, ಸೂಜಿಯ ಚಿಂತೆ ಬೇಡ, ಇಷ್ಟು ರೊಕ್ಕ ಕೊಟ್ಟರೆ ಹಿಂದಿನ ತಾರೀಖು ಹಾಕಿದ ಹಳದಿ ಕಾರ್ಡು ತರಿಸಿಕೊಡುತ್ತೇನೆ. “ಏನ್ ಮಾಡ್ಲಿ ಸಾಹೇಬ್ರ?” ಎಂದು ಕೇಳಿದ. ತಂಗಿಯ ಮದುವೆ, ಸಾಲ ಎಲ್ಲವೂ ಆ ಪ್ರಶ್ನೆಯಲ್ಲಿದ್ದವು. ಹಾಗೆ ಮಾಡುವುದು ಅಪರಾಧವೆಂಬುದನ್ನು ಹೇಳಿದೆ. ಆದರೆ ಅದಕ್ಕಿಂತ ಮುಖ್ಯವಾದದ್ದನ್ನೂ ಹೇಳಬೇಕಾಗಿತ್ತು. ವಿಮಾನ ನಿಲ್ದಾಣದ ಅಧಿಕಾರಿ ಕಾರ್ಡು ನೋಡಿ ಬಿಟ್ಟಾನು; ಸೊಳ್ಳೆ ಕಾರ್ಡು ಓದುವುದಿಲ್ಲ. ಆ ಹಳದಿ ಹಾಳೆ ಬರೀ ಸಾಕ್ಷಿ. ಯಾವುದಕ್ಕೆ ಸಾಕ್ಷಿಯೋ ಅದು ಮೈಯೊಳಗೆ ಇಲ್ಲದಿದ್ದರೆ, ಅವನು ನಂಬಿಸುವುದು ತನ್ನನ್ನೂ ತನ್ನ ಅಜ್ಜಿಯನ್ನೂ.

ಅವನು ಬಹಳ ಹೊತ್ತು ಸುಮ್ಮನೆ ಕೂತಿದ್ದ. ಅಜ್ಜಿಯೇ ತೀರ್ಮಾನ ಕೊಟ್ಟರು: “ಕೆಲಸ ಹೋದ್ರ ಹೋಗ್ಲಿ ಬಿಡೋ ಯಪ್ಪಾ. ನೀ ಉಳಿ.” ಟಿಕೇಟಿನ ಹಣದಲ್ಲಿ ಒಂದಷ್ಟು ಮುಳುಗಿತು. ಏಜೆಂಟ ಆ ಜಾಗಕ್ಕೆ ಬೇರೊಬ್ಬನನ್ನು ಕಳಿಸಿದ. ನಮ್ಮ ಹುಡುಗ ಬೆಂಗಳೂರಿಗೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದ. ಉಳಿದವನ್ನು ಒಂದೊಂದಾಗಿ ನಾನು ಕೊಟ್ಟೆ. ಮೂರು ತಿಂಗಳ ಮೇಲೆ ಇನ್ನೊಂದು ಕೆಲಸ ಸಿಕ್ಕಿ ಹೊರಟ. ಹೊರಡುವ ದಿನ ಅಜ್ಜಿ ಹಳದಿ ಕಾರ್ಡನ್ನು ಒಂದು ಬಟ್ಟೆಯಲ್ಲಿ ಸುತ್ತಿ, ರೊಟ್ಟಿಯ ಗಂಟಿನ ಮೇಲೆ ಇಡಹೊರಟಿದ್ದರು; ಕೈಚೀಲಕ್ಕೆ ಹಾಕಿಸಿದೆ.

ಆದರೆ ಆ ಮೊದಲ ಟಿಕೇಟಿನ ಜಾಗಕ್ಕೆ ಹೋದ ಬೇರೊಬ್ಬ ಯಾರು, ಯಾವ ಊರಿನವನು ಎಂಬುದು ನನಗೆ ತಿಳಿಯದು. ಅವನ ಜೇಬಿನಲ್ಲಿ ಕಾರ್ಡು ಇದ್ದಿರಬೇಕು. ಮೈಯಲ್ಲಿ ಇತ್ತೋ ಇಲ್ಲವೋ. ಅವನಿಗೂ ಒಬ್ಬ ಅಜ್ಜಿ ಬುತ್ತಿ ಕಟ್ಟಿ ಕೊಟ್ಟಿರಬೇಕು. ನಿಮ್ಮ ಓಣಿಯಲ್ಲಿ, ನಿಮ್ಮ ಬಳಗದಲ್ಲಿ ಯಾರಾದರೂ ಅಂಥ ದೇಶಕ್ಕೆ ಹೊರಟಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದರೆ, ಯಾವ ದೇಶ, ಎಷ್ಟು ಪಗಾರ ಎಂದು ಕೇಳುವುದರ ಜೊತೆಗೆ ಸೂಜಿ ಆಯಿತೇ ಎಂದೂ ಒಂದು ಮಾತು ಕೇಳಿ. ಟಿಕೇಟು ತೆಗೆಸುವ ಮುಂಚೆಯೇ ಕೇಳಿ.